ಎರಡನೇ ಡಿಸ್ಕೂ ಖರಾಬಂತೆ

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿ ಬ್ಯಾಕಪ್ ಶುರು ಮಾಡಿದ ಕೂಡಲೇ ಫೇಲ್ ಅಂದರೆ ಮೊದಲು ಬೈಸಿಕೊಳ್ಳುವುದು ಡಿಸ್ಕೇ. ಮುಂಬೈ ಘಾಟ್ಕೋಪರಿನ ಈ ಕನ್ನಡ ಡಿಟಿಪಿ ಅಂಗಡಿಯಲ್ಲೂ ಹಾಗೇ ಆಗಿತ್ತು. ಮೂರು ವರ್ಷ ಹಳೆಯ 2 ಟಿಬಿ ಡಿಸ್ಕಿಗೆ ಮಾರ್ಕರ್ ಪೆನ್ನಿನಲ್ಲಿ ‘ಖರಾಬ್’ ಎಂದು ಬರೆದ ಚೀಟಿ ಅಂಟಿಸಿ ಕಪಾಟಿಗೆ ಹಾಕಿದ್ದರು. ಲ್ಯಾಮಿಂಗ್ಟನ್ ರೋಡಿನಿಂದ ಹೊಸದು ಬಂತು. ಮೊದಲ ವಾರದಲ್ಲೇ ಅದೂ ಫೇಲ್ ತೋರಿಸಿದಾಗ ಯಜಮಾನರ ಫೋನು: “ಇದೂ ಡೂಪ್ಲಿಕೇಟ್ ಮಾಲೇ ಏನು ಮಾರಾಯ್ರೆ?”

ಡೂಪ್ಲಿಕೇಟ್ ಆಗಿರಲಿಲ್ಲ. ಹಳೆಯದು ಕೆಟ್ಟೂ ಇರಲಿಲ್ಲ. ಅಲ್ಲಿದ್ದದ್ದು ಒಂದರ ಮೇಲೊಂದು ಕೂತ ನಾಲ್ಕೈದು ಬೇರೆ ಬೇರೆ ತೊಂದರೆ, ಅದರಲ್ಲೊಂದು ತೊಂದರೆಯೇ ಅಲ್ಲ. ಅವನ್ನು ಬಿಡಿಸಿದ ಕ್ರಮ ಇಲ್ಲಿದೆ.

ಯಂತ್ರ ವಿಂಡೋಸ್ 10ರದ್ದು. ಸಿ ಡ್ರೈವ್ 256 ಜಿಬಿಯ ಎಸ್‌ಎಸ್‌ಡಿ. ಲಗ್ನಪತ್ರಿಕೆ, ಯಕ್ಷಗಾನದ ಕರಪತ್ರ, ಸ್ಮರಣ ಸಂಚಿಕೆ ಎಲ್ಲ ಇರುವುದು 1 ಟಿಬಿಯ ಡಿ ಡ್ರೈವಿನಲ್ಲಿ, ಸುಮಾರು 420 ಜಿಬಿ. ಬ್ಯಾಕಪ್ ಎರಡು ಥರ. ಭಾನುವಾರ ಕಂಟ್ರೋಲ್ ಪ್ಯಾನೆಲಿನ ಹಳೇ ‘ಬ್ಯಾಕಪ್ ಅಂಡ್ ರಿಸ್ಟೋರ್, ವಿಂಡೋಸ್ 7’ನಿಂದ ಸಿಸ್ಟಮ್ ಇಮೇಜ್, ಅಂದರೆ ವಿಂಡೋಸ್ ಸಮೇತ ಇಡೀ ಸಿಸ್ಟಮಿನ ಪಡಿಯಚ್ಚು. ಪ್ರತಿ ರಾತ್ರಿ 11ಕ್ಕೆ ಟಾಸ್ಕ್ ಶೆಡ್ಯೂಲರ್ ಓಡಿಸುವ ರೋಬೋಕಾಪಿ (ವಿಂಡೋಸಿನದ್ದೇ ಕಾಪಿ ಆದೇಶ) ಬ್ಯಾಚ್ ಫೈಲು, ಡಿ ಡ್ರೈವನ್ನು ಎಕ್ಸ್‌ಟರ್ನಲ್‌ಗೆ ಇಳಿಸಲು. ಎರಡೂ ಫೇಲ್. ಆದರೆ ಎರಡೂ ಒಂದೇ ಕಾರಣಕ್ಕೆ ಫೇಲ್ ಆಗುತ್ತಿವೆ ಎಂದು ಯಾರೂ ಹೇಳಿಲ್ಲವಲ್ಲ. ಒಟ್ಟಿಗೆ ನೋಡಿದ್ದರಿಂದಲೇ ಒಂದು ಡಿಸ್ಕಿನ ದುಡ್ಡು ದಂಡವಾದದ್ದು.

ಮೊದಲು ಡಿಸ್ಕಿನ ಮೇಲಿನ ಆರೋಪ ತೀರಿಸಿಕೊಳ್ಳಬೇಕು, ಇಲ್ಲದಿದ್ದರೆ ಮಾತು ಪ್ರತಿ ಸಲ ಅಲ್ಲಿಗೇ ಬರುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೆದು ಎರಡೂ ಡಿಸ್ಕಿನ ಸ್ಮಾರ್ಟ್ ಪಟ್ಟಿ, ಅಂದರೆ ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಆರೋಗ್ಯದ ಲೆಕ್ಕ, ನೋಡಿದ್ದಾಯಿತು. 05 ಅಂದರೆ ಕೆಟ್ಟು ಬೇರೆಡೆಗೆ ಸ್ಥಳಾಂತರವಾದ ಸೆಕ್ಟರು, ಸಿ5 ಓದಲಾಗದೆ ಕಾಯುತ್ತಿರುವುದು, ಸಿ6 ಕೈಬಿಟ್ಟದ್ದು. ಮೂರೂ ಸೊನ್ನೆ. ಸಿ7 ಎಂಬ ಸಂಪರ್ಕ ದೋಷದ ಎಣಿಕೆ ನೋಡಿ ಯುಎಸ್‌ಬಿ ಕೇಬಲಿಗೆ ಸರ್ಟಿಫಿಕೇಟ್ ಕೊಡುವವರಿದ್ದಾರೆ. ಅದು ಡಬ್ಬಿಯೊಳಗಿನ ಸಾಟಾ ಸಂಪರ್ಕದ ಲೆಕ್ಕ, ಹೊರಗಿನ ಕೇಬಲಿನದ್ದಲ್ಲ. ಹೊಸ ಡಿಸ್ಕ್ ನಿಜಕ್ಕೂ 2 ಟಿಬಿಯೇ ಎಂದು ತಿಳಿಯಲು ಎಚ್‌2ಟೆಸ್ಟ್‌ಡಬ್ಲ್ಯೂ ಸಾಕು. ಅದು ಡಿಸ್ಕ್ ತುಂಬ ಪರೀಕ್ಷಾ ಫೈಲ್ ಬರೆದು ಮರಳಿ ಓದುತ್ತದೆ. ಸೆಕೆಂಡಿಗೆ 100 ಎಂಬಿ ಸಿಕ್ಕರೂ ಬರೆಯಲು ಐದೂವರೆ ಗಂಟೆ, ಓದಲು ಇನ್ನೊಂದು ಐದೂವರೆ ಗಂಟೆ ಬೇಕು, ಹಾಗಾಗಿ ರಾತ್ರಿ ಬಿಟ್ಟು ಹೋಗುವ ಕೆಲಸ. ಮುಗಿದಾಗ ಒಂದೂ ತಪ್ಪಿಲ್ಲ. ಅನುಮಾನ ಇರುವ ಡಿಸ್ಕಿಗೆ ಮೊದಲೇ ಚೆಕ್‌ಡಿಸ್ಕ್‌ನ ‘ಆರ್’ ಸ್ವಿಚ್ ಹಾಕಿ ಇಡೀ ಮೈ ಉಜ್ಜಿಸುವ ಅಭ್ಯಾಸ ಬೇಡ. ಡಿಸ್ಕ್ ನಿಜವಾಗಿ ಸಾಯುತ್ತಿದ್ದರೆ ಆ ಉಜ್ಜಾಟದಲ್ಲೇ ಪ್ರಾಣ ಹೋಗುತ್ತದೆ. ಮೊದಲು ಸ್ಮಾರ್ಟ್ ನೋಡಿ, ಆಮೇಲೆ ಚೆಕ್‌ಡಿಸ್ಕ್.

ಇನ್ನು ಭಾನುವಾರದ ಇಮೇಜ್. ಹೊಸ ಡಿಸ್ಕಿನಲ್ಲಿ ಅದು ಶುರುವೇ ಆಗಿರಲಿಲ್ಲ, ಯಾಕೆಂದರೆ ಡಿಸ್ಕ್ ಅಂಗಡಿಯಿಂದ ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟಿನಲ್ಲಿ ಬಂದಿತ್ತು. ಸಿಸ್ಟಮ್ ಇಮೇಜಿಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟೇ ಬೇಕು. ವಿಂಡೋಸಿನ ಕನ್ವರ್ಟ್ ಆದೇಶ ಫ್ಯಾಟ್32ನ್ನು ಎನ್‌ಟಿಎಫ್‌ಎಸ್ ಮಾಡುತ್ತದೆ, ಎಕ್ಸ್‌ಫ್ಯಾಟನ್ನು ಮಾಡುವುದಿಲ್ಲ. ಫಾರ್ಮ್ಯಾಟೇ ಗತಿ. ಅದಾದ ಮೇಲೆ ಹಳೆಯ ಡಿಸ್ಕ್ ತೋರಿಸುತ್ತಿದ್ದ ಅದೇ ಎರರ್ ಇದರಲ್ಲೂ ಬಂತು: ಸೊನ್ನೆ-ಎಕ್ಸ್ ಆದಮೇಲೆ 80780119. ಜಾಗ ಸಾಲದು, ಶ್ಯಾಡೋ ಕಾಪಿ (ಬ್ಯಾಕಪ್ಪಿಗೆ ಮುಂಚೆ ವಿಂಡೋಸ್ ತೆಗೆದುಕೊಳ್ಳುವ ತಾತ್ಕಾಲಿಕ ಚಿತ್ರ) ಮಾಡಲಾಗಲಿಲ್ಲ ಎಂಬ ಅರ್ಥದ ಸಂದೇಶ. ಖಾಲಿ 2 ಟಿಬಿ ಡಿಸ್ಕ್ ಎದುರಿಗಿಟ್ಟುಕೊಂಡು ‘ಜಾಗ ಸಾಲದು’ ಅಂದರೆ ಯಾರಿಗಾದರೂ ತಲೆ ಕೆಡುತ್ತದೆ. ಸಂದೇಶವನ್ನು ಕೊನೆಯವರೆಗೆ ಓದುವವರು ಕಡಿಮೆ, ಉತ್ತರ ಇರುವುದು ಆ ಕೊನೆಯಲ್ಲೇ. 500 ಎಂಬಿಗಿಂತ ಚಿಕ್ಕ ಪಾರ್ಟಿಶನ್ನಿನಲ್ಲಿ (ಡಿಸ್ಕಿನ ಒಂದು ಪಾಲು) ಕನಿಷ್ಠ 50 ಎಂಬಿ, 500ಕ್ಕಿಂತ ದೊಡ್ಡದರಲ್ಲಿ ಕನಿಷ್ಠ 320 ಎಂಬಿ ಖಾಲಿ ಇರಬೇಕು ಎನ್ನುತ್ತದೆ ಅದು. ಮಾತಾಡುತ್ತಿರುವುದು ಬ್ಯಾಕಪ್ ಹೋಗುವ ಡಿಸ್ಕಿನ ಬಗ್ಗೆ ಅಲ್ಲ, ಬ್ಯಾಕಪ್ ಆಗಬೇಕಾದ ಪಾರ್ಟಿಶನ್ನಿನ ಬಗ್ಗೆ.

ಯಾವುದು ಆ ಪಾರ್ಟಿಶನ್? ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದರೆ ಸಿ ಡ್ರೈವಿನ ಎಡಕ್ಕೆ ವಿಂಡೋಸ್ ಕೆಟ್ಟಾಗ ರಿಪೇರಿಗೆ ಇರುವ 529 ಎಂಬಿಯ ರಿಕವರಿ ಪಾರ್ಟಿಶನ್ ಕಂಡಿತು. ಅದು ‘ನೂರಕ್ಕೆ ನೂರು ಖಾಲಿ’ ಎಂದೂ ಅಲ್ಲೇ ಬರೆದಿತ್ತು. ನಂಬಬೇಡಿ. ಡ್ರೈವ್ ಅಕ್ಷರ ಇಲ್ಲದ ರಿಕವರಿ ಪಾರ್ಟಿಶನ್ನಿಗೆ ಆ ಕಿಟಕಿ ಯಾವಾಗಲೂ ಹಾಗೇ ಹೇಳುತ್ತದೆ. ಪವರ್‌ಶೆಲ್ಲನ್ನು ಅಡ್ಮಿನ್ ಆಗಿ ತೆಗೆದು ‘ಗೆಟ್-ವಾಲ್ಯೂಮ್’ ಕೊಟ್ಟಾಗ ನಿಜ ಹೊರಬಂತು: ಖಾಲಿ ಇದ್ದದ್ದು 90 ಎಂಬಿ ಚಿಲ್ಲರೆ. ಪಾರ್ಟಿಶನ್ 500ಕ್ಕಿಂತ ಬರೀ 29 ಎಂಬಿ ದೊಡ್ಡದಾದ ತಪ್ಪಿಗೆ 320 ಖಾಲಿ ಬೇಕಾಗಿದೆ. 500ಕ್ಕಿಂತ ಚಿಕ್ಕದಿದ್ದರೆ 50 ಸಾಕಿತ್ತು. ಆದ್ದರಿಂದ ಜಾಗ ಹೆಚ್ಚಿಸುವ ಬದಲು ಪಾರ್ಟಿಶನ್ನನ್ನೇ ಕುಗ್ಗಿಸುವುದು ಇಲ್ಲಿ ಸುಲಭ. ಕೇಳಲು ತಲೆಕೆಳಗು ಅನಿಸುತ್ತದೆ, ಕೆಲಸ ಮಾತ್ರ ಆಗುತ್ತದೆ. ದೊಡ್ಡದು ಮಾಡಲು ಈ ಯಂತ್ರದಲ್ಲಿ ದಾರಿಯೂ ಇರಲಿಲ್ಲ, ಬಲಕ್ಕೆ ಒತ್ತಿಕೊಂಡೇ ಯಂತ್ರ ಬೂಟ್ ಆಗಲು ಬೇಕಾದ 100 ಎಂಬಿಯ ಇಎಫ್‌ಐ ಪಾರ್ಟಿಶನ್ ಕೂತಿತ್ತು.

ಡಿಸ್ಕ್‌ಪಾರ್ಟ್ ತೆಗೆದು ಡಿಸ್ಕ್ 0 ಆರಿಸಿ, ಪಾರ್ಟಿಶನ್ ಪಟ್ಟಿಯಲ್ಲಿ 529 ಎಂಬಿಯದ್ದನ್ನು ಗಾತ್ರ ನೋಡಿಯೇ ಆರಿಸಿ, ಅದಕ್ಕೆ ತಾತ್ಕಾಲಿಕವಾಗಿ ಆರ್ ಅಕ್ಷರ ಕೊಟ್ಟು, ‘ಶ್ರಿಂಕ್ ಡಿಸೈರ್ಡ್ 40’ ಎಂದರೆ 489 ಎಂಬಿಗೆ ಇಳಿಯುತ್ತದೆ. ಖಾಲಿ ಜಾಗವೂ ಅಷ್ಟೇ ಇಳಿಯುತ್ತದೆ, ಆದ್ದರಿಂದ ಕುಗ್ಗಿಸಿದ ಮೇಲೂ 50 ಎಂಬಿ ಉಳಿಯುತ್ತದೋ ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. ಇಲ್ಲಿ 90ರಲ್ಲಿ 40 ಹೋಗಿ ಕೂದಲೆಳೆಯಲ್ಲಿ ಪಾಸಾಯಿತು. ಆಮೇಲೆ ಆರ್ ಅಕ್ಷರ ತೆಗೆದುಬಿಡಿ. ‘ರಿಏಜೆಂಟ್‌ಸಿ’ ಆದೇಶಕ್ಕೆ ಇನ್ಫೋ ಸ್ವಿಚ್ ಹಾಕಿ ರಿಕವರಿ ಇನ್ನೂ ‘ಎನೇಬಲ್ಡ್’ ಎಂದೇ ತೋರಿಸುತ್ತದೆಯೋ ನೋಡಿ. ಡಿಸ್ಕ್‌ಪಾರ್ಟ್‌ನಲ್ಲಿ ಸಂಖ್ಯೆ ತಪ್ಪಿದರೆ ಅದು ಕೇಳುವುದೂ ಇಲ್ಲ, ಕ್ಷಮಿಸುವುದೂ ಇಲ್ಲ. ಆರಿಸಿದ ಮೇಲೆ ಪಟ್ಟಿಯನ್ನು ಮತ್ತೆ ತೆಗೆದು ನಕ್ಷತ್ರದ ಗುರುತು ಯಾವ ಸಾಲಿನ ಮುಂದಿದೆ ಎಂದು ಕಣ್ಣಿಟ್ಟು ನೋಡದೆ ಶ್ರಿಂಕ್ ಒತ್ತಬಾರದು.

ಇದೇ ಪುಟ್ಟ ಪಾರ್ಟಿಶನ್ 2024ರ ಜನವರಿಯಲ್ಲಿ ಬೇರೆ ರೀತಿಯಲ್ಲಿ ಕಾಡಿದ್ದು ಕೆಲವರಿಗೆ ನೆನಪಿರಬಹುದು. ವಿಂಡೋಸ್ 10ರ ಕೆಬಿ5034441 ಅಪ್‌ಡೇಟು 80070643 ಎಂದು ಒದರಿ ನಿಲ್ಲುತ್ತಿದ್ದದ್ದು ಈ ರಿಕವರಿ ಪಾರ್ಟಿಶನ್ನಿನಲ್ಲಿ 250 ಎಂಬಿ ಖಾಲಿ ಸಿಗದೆ. ಈ ಅಂಗಡಿಯ ಅಪ್‌ಡೇಟ್ ಪಟ್ಟಿಯಲ್ಲೂ ಅದು ಕೆಂಪಾಗಿ ಕೂತಿತ್ತು. ಅದನ್ನೂ ತೀರಿಸಬೇಕೆಂದರೆ ಕುಗ್ಗಿಸುವ ಉಪಾಯ ಸಾಲದು, ಸಿ ಡ್ರೈವಿನ ಕೊನೆಯಲ್ಲಿ ಹೊಸ ರಿಕವರಿ ಪಾರ್ಟಿಶನ್ ಮಾಡಬೇಕು. ಅಂದಿನ ಕೆಲಸ ಅದಲ್ಲ.

ಇಮೇಜ್ ಈಗ ಶುರುವಾಯಿತು, ಅರ್ಧ ದಾಟಿತು, ನಿಂತಿತು. ಈ ಸಲ ಐ/ಓ ಡಿವೈಸ್ ಎರರ್. “ನೋಡಿ, ಡಿಸ್ಕೇ” ಎಂದರು ಯಜಮಾನರು. ಇಲ್ಲಿ ಎರರ್ ಕೋಡ್ ಗೂಗಲ್ ಮಾಡುವುದಕ್ಕಿಂತ ಗಡಿಯಾರ ನೋಡುವುದು ಲೇಸು. ಬ್ಯಾಕಪ್ ನಿಂತದ್ದು 4 ಗಂಟೆ 12 ನಿಮಿಷಕ್ಕೆ ಅಂದರೆ ಈವೆಂಟ್ ವ್ಯೂವರಿನ ಸಿಸ್ಟಮ್ ಲಾಗಿನಲ್ಲಿ 4.12ಕ್ಕಿಂತ ಮುಂಚಿನ ಎರಡು ಮೂರು ನಿಮಿಷ ಓದಬೇಕು. ಕೊನೆಗೆ ಬರುವುದು ಸಾವಿನ ಸುದ್ದಿ, ಕಾಯಿಲೆ ಇರುವುದು ಅದರ ಮೇಲಿನ ಸಾಲುಗಳಲ್ಲಿ. ಅಲ್ಲಿ ಮೊದಲು ಯುಎಸ್‌ಬಿ ಡಿಸ್ಕಿನ ಡ್ರೈವರ್ ಯುಎಎಸ್‌ಪಿಸ್ಟೋರ್ ಹೆಸರಿನಲ್ಲಿ ಈವೆಂಟ್ 129 ನಾಲ್ಕು ಸಲ: ಡಿಸ್ಕಿನಿಂದ ಉತ್ತರ ಬರಲಿಲ್ಲ, ರೀಸೆಟ್ ಮಾಡಿದೆ ಎಂದು. ಆಮೇಲೆ 153, ಓದು-ಬರಹ ಮತ್ತೆ ಪ್ರಯತ್ನಿಸಲಾಯಿತು. ಕಡೆಗೆ 157: ಡಿಸ್ಕ್ ಹೇಳದೆ ಕೇಳದೆ ಕಿತ್ತುಹೋಯಿತು. ಯಾರೂ ಕೈ ಹಾಕದೆ 157 ಬಂತೆಂದರೆ ಕೇಬಲ್, ಪೋರ್ಟ್, ಇಲ್ಲವೇ ಕರೆಂಟು. ಡಿಸ್ಕಿನ ಮೇಲ್ಮೈ ಕೆಟ್ಟಿದ್ದರೆ ಸಾಮಾನ್ಯವಾಗಿ ಈವೆಂಟ್ 7 ಕಾಣಬೇಕು, ಬ್ಯಾಡ್ ಬ್ಲಾಕ್ ಎಂದು. ಅದು ಒಂದೂ ಇರಲಿಲ್ಲ.

ಡಿಸ್ಕ್ ಸಿಕ್ಕಿಸಿದ್ದು ಮೇಜಿನ ಮೇಲಿನ ನಾಲ್ಕು ಬಾಯಿಯ ಹಬ್ಬಿಗೆ. ಅದಕ್ಕೆ ಸ್ವಂತ ಅಡಾಪ್ಟರ್ ಇಲ್ಲ. ಅದೇ ಹಬ್ಬಿನಲ್ಲಿ ಕೀಬೋರ್ಡು, ಸಾಫ್ಟ್‌ವೇರಿನ ಡಾಂಗಲ್ಲು, ಕಾರ್ಡ್ ರೀಡರು. ಯುಎಸ್‌ಬಿ 2.0 ಪೋರ್ಟ್ 5 ವೋಲ್ಟಿನಲ್ಲಿ ಕೊಡುವುದು 500 ಮಿಲಿಆಂಪ್, 3.0 ಪೋರ್ಟ್ 900. ಅಡಾಪ್ಟರಿಲ್ಲದ ಹಬ್ ಅದನ್ನೇ ಎಲ್ಲರಿಗೂ ಹಂಚಬೇಕು. 2.5 ಇಂಚಿನ ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವಾಗ ಒಂದೆರಡು ಸೆಕೆಂಡ್ ಸುಮಾರು 1 ಆಂಪ್ ಎಳೆಯುತ್ತದೆ. ಕರೆಂಟು ಸಾಲದಾಗ ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬರುತ್ತದೆ; ಹಳೆಯದಕ್ಕೆ ‘ಖರಾಬ್’ ಚೀಟಿ ಬಿದ್ದದ್ದೂ ಆ ಸದ್ದು ಕೇಳಿಯೇ. ಹಬ್ 2.0 ಎಂಬುದಕ್ಕೆ ಸಾಕ್ಷಿ ಮೊದಲಿನಿಂದ ಕಣ್ಣೆದುರಿಗೇ ಇತ್ತು: ಕಾಪಿ ವೇಗ ಸೆಕೆಂಡಿಗೆ 35 ಎಂಬಿ ದಾಟುತ್ತಿರಲಿಲ್ಲ. ಆ ವೇಗದಲ್ಲಿ 420 ಜಿಬಿಗೆ ಮೂರು ಗಂಟೆ ಇಪ್ಪತ್ತು ನಿಮಿಷ. ನೇರ 3.0 ಪೋರ್ಟಿನಲ್ಲಿ 100 ಎಂಬಿ ಸಿಕ್ಕರೆ ಎಪ್ಪತ್ತು ನಿಮಿಷ.

ಇಲ್ಲಿ ಒಂದು ಸಲಕ್ಕೆ ಒಂದೇ ಬದಲಾವಣೆ. ಹಬ್ಬು, ಕೇಬಲ್ಲು, ಪೋರ್ಟು ಮೂರನ್ನೂ ಒಟ್ಟಿಗೆ ಬದಲಿಸಿದರೆ ಸರಿಯಾಗಬಹುದು, ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಕೆಟ್ಟ ಕೇಬಲ್ ಡ್ರಾಯರಿನಲ್ಲೇ ಉಳಿದು ಮುಂದಿನ ವರ್ಷ ಮತ್ತೆ ಹೊರಬರುತ್ತದೆ. ಮೊದಲು ಹಬ್ ಬಿಡಿಸಿ ಸಿಪಿಯು ಡಬ್ಬದ ಮುಂದಿನ ಪೋರ್ಟಿಗೆ ಹಾಕಿದ್ದಾಯಿತು. 129 ಕಡಿಮೆಯಾಯಿತು, ನಿಲ್ಲಲಿಲ್ಲ. ಮುಂದಿನ ಪೋರ್ಟಿನಿಂದ ಮದರ್‌ಬೋರ್ಡಿಗೆ ಒಳಗೊಳಗೇ ಉದ್ದದ ವೈರ್ ಹೋಗಿರುತ್ತದೆ, ಹಾಗಾಗಿ ಹಿಂದಿನ ನೀಲಿ ಪೋರ್ಟಿಗೆ. ಇನ್ನೂ ಗಂಟೆಗೊಂದು 129. ಉಳಿದದ್ದು ಕೇಬಲ್. ಡಿಸ್ಕಿನ ಕಡೆಯ ಪ್ಲಗ್ಗು ಅಗಲದ ಚಪ್ಪಟೆ ಮೈಕ್ರೋ-ಬಿ, ಎರಡು ಕೋಣೆ ಅಂಟಿಸಿದ ಹಾಗಿರುತ್ತದಲ್ಲ, ಅದು. ಕಾಪಿ ನಡೆಯುತ್ತಿರುವಾಗ ಅದನ್ನು ತೋರುಬೆರಳಿನಿಂದ ಒಂದು ಕೂದಲೆಳೆ ಅಲುಗಿಸಿದರೆ ದೀಪ ಆರಿ ಹತ್ತಿತು. ಈ ಪರೀಕ್ಷೆಯನ್ನು ಬೇಡದ ಫೈಲ್ ಕಾಪಿ ಮಾಡುವಾಗ ಮಾತ್ರ ಮಾಡಿ. ಕಿತ್ತು ಟಾರ್ಚ್ ಹಾಕಿ ನೋಡಿದರೆ ಪ್ಲಗ್ಗಿನ ಒಳಗಿನ ತಗಡಿನ ಮೇಲೆ ಹಸಿರು ಕಿಲುಬು. ಮುಂಬೈ ಮಳೆಗಾಲ, ಎಸಿ ಇಲ್ಲದ ಅಂಗಡಿ, ಕಿಟಕಿ ಪಕ್ಕದ ಮೇಜು, ಇನ್ನೇನಾಗುತ್ತದೆ. ಡಿಸ್ಕಿನ ಬಾಯನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಮುಟ್ಟಿಸಿದ ಮೆತ್ತನೆ ಬ್ರಷ್ಷಿನಿಂದ ಒರೆಸಿ ಒಣಗಿಸಿ, ಕೇಬಲ್ ಎಸೆದು, ಹೊಸ ಡಿಸ್ಕಿನ ಜೊತೆ ಬಂದಿದ್ದ ಗೇಣುದ್ದದ ಕೇಬಲ್ ಹಾಕಿದ ಮೇಲೆ 129 ಒಂದೂ ಇಲ್ಲ. ಆ ಒಳ್ಳೆಯ ಕೇಬಲ್ ಮೊದಲ ದಿನದಿಂದ ಪೆಟ್ಟಿಗೆಯಲ್ಲೇ ಇತ್ತು. ಹಳೇ ಕೇಬಲ್ ಉದ್ದ, ಮೇಜಿಗೆ ಅನುಕೂಲ ಎಂದು ಹೊಸ ಡಿಸ್ಕಿಗೂ ಅದನ್ನೇ ಹಾಕಿದ್ದರು. ಎರಡನೇ ಡಿಸ್ಕೂ ‘ಕೆಟ್ಟದ್ದು’ ಹೀಗೆ.

ಇಮೇಜ್ ಮುಗಿಯಿತು. ರಾತ್ರಿಯ ರೋಬೋಕಾಪಿ ಮಾತ್ರ ಇನ್ನೂ ಫೇಲ್ ಎನ್ನುತ್ತಿತ್ತು.

ಶೆಡ್ಯೂಲರಿನಲ್ಲಿ ‘ಲಾಸ್ಟ್ ರನ್ ರಿಸಲ್ಟ್’ ಕಾಲಮ್ಮಿನಲ್ಲಿ ಇದ್ದದ್ದು ಸೊನ್ನೆ-ಎಕ್ಸ್-1. ಸೊನ್ನೆ ಇಲ್ಲದಿದ್ದರೆ ಫೇಲ್ ಎಂದು ಅಂಗಡಿಯ ಹುಡುಗನಿಗೆ ಯಾರೋ ಹೇಳಿಕೊಟ್ಟಿದ್ದರು. ಬೇರೆ ಪ್ರೋಗ್ರಾಮಿಗೆ ಅದು ಸರಿ, ರೋಬೋಕಾಪಿಗೆ ಅಲ್ಲ. ಅದರ ಲೆಕ್ಕದಲ್ಲಿ 1 ಅಂದರೆ ಫೈಲುಗಳು ಕಾಪಿ ಆದವು, 2 ಅಂದರೆ ಆ ಕಡೆ ಹೆಚ್ಚುವರಿ ಫೈಲ್ ಇವೆ, 4 ಹೊಂದಿಕೆಯಾಗದ್ದು, 8 ಕಾಪಿ ಆಗದೆ ಉಳಿದದ್ದು, 16 ಪೂರ್ತಿ ಎಡವಟ್ಟು. ಇವು ಕೂಡಿಕೊಂಡು ಬರುತ್ತವೆ: 3 ಬಂದರೆ ಒಂದು ಮತ್ತು ಎರಡು, ಒಳ್ಳೆಯದೇ. 9 ಬಂದರೆ ಕೆಲವು ಆಗಿವೆ, ಕೆಲವು ಬಿಟ್ಟಿವೆ. 8ರಿಂದ ಮೇಲಿನದ್ದು ಮಾತ್ರ ಫೇಲ್. ಅಂದರೆ ಹದಿನೈದು ರಾತ್ರಿಯ ‘ಫೇಲ್’ನಲ್ಲಿ ಹನ್ನೊಂದು ಪಾಸಾಗಿದ್ದವು. ಬ್ಯಾಚ್ ಫೈಲಿನ ಕೊನೆಯಲ್ಲಿ ಎರರ್‌ಲೆವೆಲ್ 8 ಅಥವಾ ಹೆಚ್ಚಿದ್ದರೆ 1 ಎಂದು ಹೊರಬರು, ಇಲ್ಲದಿದ್ದರೆ 0 ಎಂದು ಎರಡು ಸಾಲು ಸೇರಿಸಿದರೆ ಆ ಕಾಲಮ್ ನಿಜ ಹೇಳಲು ಕಲಿಯುತ್ತದೆ.

ಉಳಿದ ನಾಲ್ಕು ರಾತ್ರಿ ನಿಜವಾಗಿ ಫೇಲ್. ಎರಡರಲ್ಲಿ ಲಾಗ್ 11ಕ್ಕೆ ಶುರುವಾಗಿ ಅದೇ ಸೆಕೆಂಡಿಗೆ ಮುಗಿದಿದೆ, ಡಿವೈಸ್ ರೆಡಿ ಇಲ್ಲ ಎಂದು. ಸಂಜೆ ಏಳಕ್ಕೆ ಕೆಲಸ ಮುಗಿದ ಮೇಲೆ ಡಿಸ್ಕ್ ನಾಲ್ಕು ಗಂಟೆ ಸುಮ್ಮನೆ ಬಿದ್ದಿರುತ್ತದೆ. ಪವರ್ ಆಪ್ಶನ್ಸ್‌ನಲ್ಲಿ 20 ನಿಮಿಷಕ್ಕೆ ಹಾರ್ಡ್ ಡಿಸ್ಕ್ ಆರಿಸುವ ಸೆಟ್ಟಿಂಗ್ ಇತ್ತು, ಅದನ್ನು ಸೊನ್ನೆ ಮಾಡಿ, ‘ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್’ ಡಿಸೇಬಲ್ ಮಾಡಿದ್ದಾಯಿತು. ಡಿಸ್ಕಿನ ಸ್ವಂತ ನಿದ್ದೆ ಬೇರೆ ಇರುತ್ತದೆ, ಅದು ವಿಂಡೋಸಿನ ಮಾತು ಕೇಳುವುದಿಲ್ಲ. ಅದಕ್ಕೆ ಬ್ಯಾಚಿನ ಮೊದಲಲ್ಲಿ ಡಿಸ್ಕಿಗೆ ಒಂದು ಸಣ್ಣ ಫೈಲ್ ಬರೆದು, 20 ಸೆಕೆಂಡ್ ಕಾದು, ಆಮೇಲೆ ಕಾಪಿ ಶುರು. ತಟ್ಟಿ ಎಬ್ಬಿಸಿ ಕೆಲಸ ಹೇಳಿದ ಹಾಗೆ.

ಮೂರನೇ ರಾತ್ರಿಯದ್ದು ಬೆಳಗಾದರೂ ಮುಗಿದಿರಲಿಲ್ಲ. ಇಮೇಲಿನ ಪಿಎಸ್‌ಟಿ ಫೈಲ್ ತೆರೆದೇ ಬಿಟ್ಟು ಹೋಗಿದ್ದರು. ಬೇರೆ ಪ್ರೋಗ್ರಾಮ್ ಹಿಡಿದುಕೊಂಡ ಫೈಲ್ ಎಂದು ಎರರ್ 32, ಅಲ್ಲೇ ರೋಬೋಕಾಪಿ ಜಪ ಹಿಡಿದು ಕೂತಿದೆ. ಹೇಳದಿದ್ದರೆ ಅದು ಒಂದು ಫೈಲಿಗೆ 10 ಲಕ್ಷ ಸಲ ಪ್ರಯತ್ನಿಸುತ್ತದೆ, ಪ್ರತಿ ಸಲಕ್ಕೂ 30 ಸೆಕೆಂಡ್ ಕಾಯುತ್ತದೆ. ಲೆಕ್ಕ ಹಾಕಿ: ಒಂದೇ ಫೈಲಿಗೆ 347 ದಿನ. ‘ಆರ್’ ಸ್ವಿಚ್ಚಿಗೆ 2, ‘ಡಬ್ಲ್ಯೂ’ ಸ್ವಿಚ್ಚಿಗೆ 5 ಕೊಟ್ಟರೆ ಎರಡು ಸಲ ನೋಡಿ ಮುಂದೆ ಹೋಗುತ್ತದೆ.

ನಾಲ್ಕನೆಯದು ಎಲ್ಲಕ್ಕಿಂತ ಅಪಾಯದ್ದು, ಫೇಲ್ ಆದದ್ದೇ ಪುಣ್ಯ. ಬ್ಯಾಚಿನಲ್ಲಿ ‘ಇ ಡ್ರೈವಿಗೆ ಕಾಪಿ ಮಾಡು’ ಎಂದಿತ್ತು. ಅವತ್ತು ಇ ಅಕ್ಷರ ಖಾಲಿ ಕಾರ್ಡ್ ರೀಡರಿಗೆ ಹೋಗಿ, ಡಿಸ್ಕ್ ಎಫ್ ಆಗಿತ್ತು. ಅಲ್ಲಿ ಖಾಲಿ ರೀಡರಿನ ಬದಲು ಗಿರಾಕಿಯ ಪೆನ್‌ಡ್ರೈವ್ ಇದ್ದಿದ್ದರೆ? ಬ್ಯಾಚ್ ಬಳಸುತ್ತಿದ್ದದ್ದು ‘ಎಂಐಆರ್’ ಸ್ವಿಚ್, ಆ ಕಡೆಯನ್ನು ಈ ಕಡೆಯ ಪಡಿಯಚ್ಚು ಮಾಡುವುದು; ಇಲ್ಲಿ ಇಲ್ಲದ್ದನ್ನೆಲ್ಲ ಅಲ್ಲಿ ಅಳಿಸುತ್ತದೆ. ಗಿರಾಕಿಯ ಮದುವೆ ಫೋಟೋ ಎಲ್ಲ ಸ್ವಾಹಾ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಡಿಸ್ಕಿಗೆ ಎಕ್ಸ್ ಅಕ್ಷರ ಕೊಟ್ಟರೆ ಸಾಮಾನ್ಯವಾಗಿ ಬೇರೆ ಯಾವುದೂ ಅಷ್ಟು ದೂರ ಬರುವುದಿಲ್ಲ. ಆದರೂ ಸಾಲದು. ಡಿಸ್ಕಿನ ಮೂಲದಲ್ಲಿ ಒಂದು ಗುರುತಿನ ಫೈಲ್ ಇಟ್ಟು, ಬ್ಯಾಚ್ ಅದನ್ನು ಕಂಡರೆ ಮಾತ್ರ ಮುಂದುವರಿಯಬೇಕು, ಕಾಣದಿದ್ದರೆ 1 ಎಂದು ಹೊರಬರಬೇಕು. ಕಾಪಿ ಹೋಗುವುದು ಡಿಸ್ಕಿನ ಮೂಲಕ್ಕಲ್ಲ, ಒಳಗಿನ ಫೋಲ್ಡರಿಗೆ. ಇಲ್ಲದಿದ್ದರೆ ಎಂಐಆರ್ ಆ ಗುರುತನ್ನೂ ಸಿಸ್ಟಮ್ ಇಮೇಜನ್ನೂ ಸೇರಿಸಿ ಗುಡಿಸುತ್ತದೆ. ಗುರುತಿನ ಫೈಲಿನ ಹೆಸರು ಇಂಗ್ಲಿಷಿನಲ್ಲೇ ಇರಲಿ. ಬ್ಯಾಚ್ ಫೈಲಿನೊಳಗೆ ಕನ್ನಡ ಹೆಸರು ಬರೆದು ಕೋಡ್ ಪೇಜ್ 65001 ಹಾಕುವುದನ್ನು ಮರೆತರೆ ಅದು ಕಲಸಿಹೋಗುತ್ತದೆ.

ಕನ್ನಡ ಹೆಸರಿನ ಮಾತು ಬಂದಿತಲ್ಲ, ಕನ್ನಡದಂಥ ಲಿಪಿಯಲ್ಲಿ ಕೆಲಸ ಮಾಡುವವರನ್ನು ಕಾಡುವ ಒಂದು ತೊಂದರೆ ಇಲ್ಲಿ ಸಿಕ್ಕಿತು. ಲಾಗಿನಲ್ಲಿ ಬಿಟ್ಟುಹೋದ ಫೈಲುಗಳ ಹೆಸರೆಲ್ಲ ಬರೀ ಪ್ರಶ್ನಾರ್ಥಕ ಚಿಹ್ನೆ. ‘ಲಾಗ್’ ಬದಲು ‘ಯುನಿಲಾಗ್’ ಸ್ವಿಚ್ ಹಾಕಿದ ಮೇಲೆ ಹೆಸರು ಓದಲು ಬಂತು. ಅಂಗಡಿಯವರು ಡಿಸ್ಕಿನ ಜೊತೆಗೆ ನೆಟ್‌ವರ್ಕಿನ ನ್ಯಾಸ್ ಡಬ್ಬಿಗೂ (ಎಲ್ಲ ಯಂತ್ರಗಳಿಗೂ ಸಿಗುವ ಡಿಸ್ಕಿನ ಪೆಟ್ಟಿಗೆ) ಒಂದು ಪ್ರತಿ ಕಳಿಸುತ್ತಾರೆ. ಡಿಸ್ಕಿಗೆ ಹೋದ ಕೆಲವು ಫೈಲು ಅಲ್ಲಿಗೆ ಹೋಗುತ್ತಿರಲಿಲ್ಲ. ಒಂದರ ಹೆಸರು ಹೀಗಿತ್ತು: ‘ಶ್ರೀ ಸತ್ಯನಾರಾಯಣ ಮಹಾಪೂಜೆ ಮತ್ತು ಯಕ್ಷಗಾನ ತಾಳಮದ್ದಳೆ ಆಮಂತ್ರಣ ಪತ್ರಿಕೆ ಎರಡನೇ ತಿದ್ದುಪಡಿ ಫೈನಲ್ ಪ್ರಿಂಟಿಗೆ’, ಕೊನೆಗೆ ಚುಕ್ಕಿ ಮತ್ತು ಸಿಡಿಆರ್. ಎನ್‌ಟಿಎಫ್‌ಎಸ್ ಒಂದು ಹೆಸರಿಗೆ 255 ಘಟಕ ಕೊಡುತ್ತದೆ, ಕನ್ನಡದ ಅಕ್ಷರಕ್ಕೂ ಗುಣಿತದ ಚಿಹ್ನೆಗೂ ಒಂದೊಂದು. ಆ ಲೆಕ್ಕದಲ್ಲಿ ಈ ಹೆಸರು 99, ಆರಾಮ. ನ್ಯಾಸಿನ ಒಳಗಿರುವ ಲಿನಕ್ಸಿನ ಎಕ್ಸ್‌ಟ್4 ಕೊಡುವುದು 255 ಬೈಟು, ಮತ್ತು ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಘಟಕಕ್ಕೆ 3 ಬೈಟು. ‘ಶ್ರೀ’ ಕಣ್ಣಿಗೆ ಒಂದು ಅಕ್ಷರ, ಒಳಗೆ ಶ, ಒತ್ತು, ರ, ದೀರ್ಘ ಸೇರಿ 12 ಬೈಟು. ಪದಗಳ ನಡುವಿನ ಖಾಲಿ ಜಾಗಕ್ಕೂ ಚುಕ್ಕಿಗೂ ಇಂಗ್ಲಿಷಿನ ಸಿಡಿಆರ್ ಅಕ್ಷರಗಳಿಗೂ ಒಂದೊಂದೇ ಬೈಟು, ಹಾಗಾಗಿ ಇಡೀ ಹೆಸರು 267. ಹನ್ನೆರಡು ಬೈಟು ಹೆಚ್ಚು. ಒಂದು ‘ಶ್ರೀ’ ಬಿಟ್ಟಿದ್ದರೆ ಸರಿಯಾಗಿ ಹಿಡಿಸುತ್ತಿತ್ತು. “ಶ್ರೀಕಾರ ಬಿಡಲಿಕ್ಕಾಗುತ್ತದಾ? ಪ್ರಿಂಟಿಗೆ ಅನ್ನುವುದು ತೆಗೆದುಬಿಡಿ” ಎಂದರು ಯಜಮಾನರು. ಫೈಲಿನ ಹೆಸರು 60 ಅಕ್ಷರ-ಚಿಹ್ನೆ ದಾಟಬಾರದು ಎಂದು ಗೋಡೆಗೆ ಬರೆದು ಹಾಕಿದ್ದಾಯಿತು.

ಕೊನೆಗೆ ತೆಗೆದು ನೋಡುವ ಕೆಲಸ. ಇಮೇಜ್ ಇರುವುದು ಡಿಸ್ಕಿನ ಮೂಲದ ‘ವಿಂಡೋಸ್‌ಇಮೇಜ್‌ಬ್ಯಾಕಪ್’ ಫೋಲ್ಡರಿನಲ್ಲಿ. ಆ ಹೆಸರು ಬದಲಿಸಿದರೆ, ಬೇರೆ ಫೋಲ್ಡರಿನೊಳಗೆ ಸರಿಸಿದರೆ ರಿಕವರಿಗೆ ಅದು ಕಾಣುವುದಿಲ್ಲ. ಒಳಗಿನ ವಿಎಚ್‌ಡಿಎಕ್ಸ್ ಫೈಲನ್ನು ಡಿಸ್ಕ್ ಮ್ಯಾನೇಜ್‌ಮೆಂಟಿನ ‘ಅಟ್ಯಾಚ್ ವಿಎಚ್‌ಡಿ’ಯಿಂದ, ರೀಡ್-ಓನ್ಲಿ ಟಿಕ್ ಹಾಕಿ, ಹಚ್ಚಿದರೆ ಸಿ ಡ್ರೈವ್ ಪೂರ್ತಿ ಒಂದು ಹೊಸ ಡ್ರೈವಾಗಿ ತೆರೆದುಕೊಳ್ಳುತ್ತದೆ. ನುಡಿ ಫಾಂಟುಗಳ ಫೋಲ್ಡರ್ ತೆಗೆದು ನೋಡಿದ್ದಾಯಿತು. ಡಿ ಡ್ರೈವಿನ ಪ್ರತಿಯಿಂದ ಮೂರು ಹಳೇ ಫೈಲ್ ಡೆಸ್ಕ್‌ಟಾಪಿಗೆ ತಂದು ಕೋರಲ್‌ನಲ್ಲಿ ತೆರೆದವು. ಈ ಸಿಸ್ಟಮ್ ಇಮೇಜ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರ 1709 ಆವೃತ್ತಿಯಿಂದಲೇ ಬೆಳೆಸುವುದು ಬಿಟ್ಟಿದೆ, ಇನ್ನೂ ನಡೆಯುತ್ತದೆ ಅಷ್ಟೆ. ಹೊಸದಾಗಿ ಶುರು ಮಾಡುವವರು ಬೇರೆ ಇಮೇಜ್ ಸಾಫ್ಟ್‌ವೇರ್ ನೋಡುವುದು ಒಳ್ಳೆಯದು.

ಈಗ ಡಿಸ್ಕ್ ಎರಡೂ ಕೆಲಸದಲ್ಲಿವೆ. ಎರಡಕ್ಕೂ ಎಕ್ಸ್ ಅಕ್ಷರ, ಎರಡರಲ್ಲೂ ಗುರುತಿನ ಫೈಲು, ಒಂದು ಸಲಕ್ಕೆ ಒಂದೇ ಹಾಕುವುದು. ಶನಿವಾರ ಸಂಜೆ ಅದಲು ಬದಲು. ಹೊರಗುಳಿದದ್ದು ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಯಜಮಾನರ ಬ್ಯಾಗು ಸೇರಿ ಡೊಂಬಿವಲಿ ಲೋಕಲ್ ಹತ್ತುತ್ತದೆ. ಹಳೆಯದರ ಮೇಲಿನ ‘ಖರಾಬ್’ ಚೀಟಿ ಕಿತ್ತುಬಿಡಿ ಎಂದರೆ ಅವರು ಒಪ್ಪಲಿಲ್ಲ. “ಇರಲಿ ಬಿಡಿ, ಟ್ರೇನಿನಲ್ಲಿ ಯಾರೂ ಮುಟ್ಟುವುದಿಲ್ಲ.”